ಅಟ್ಟದ ಸೌತೆ, ಭರಣಿಯ ಸೊಳೆ

ಮಂಗಳೂರಿನಿಂದ ಪೂರ್ವಕ್ಕೆ ಸುಮಾರು ಇಪ್ಪತ್ತೈದು ಕಿಲೋಮೀಟರ್ ಬಂದರೆ ಬಿ.ಸಿ. ರೋಡ್. ಬಂಟ್ವಾಳ ಕ್ರಾಸ್ ರೋಡ್ ಎಂಬ ಉದ್ದದ ಹೆಸರನ್ನು ಜನ ಹೀಗೆ ಮೊಟಕು ಮಾಡಿಕೊಂಡಿದ್ದಾರೆ, ಮಾತಿನಲ್ಲೂ ಉಳಿತಾಯ! ಇಲ್ಲಿಂದ ಒಂದು ರಸ್ತೆ ಪುಂಜಾಲಕಟ್ಟೆ, ಗುರುವಾಯನಕೆರೆ ದಾಟಿ ಬೆಳ್ತಂಗಡಿ, ಉಜಿರೆಗಳತ್ತ ಹೋಗುತ್ತದೆ. ಗುರುವಾಯನಕೆರೆಯಲ್ಲಿ ಕವಲೊಡೆದರೆ ವೇಣೂರಿನ ಮೇಲಾಗಿ ಮೂಡುಬಿದಿರೆ. ಅಲ್ಲಿಂದ ಸಿದ್ಧಕಟ್ಟೆಯ ದಾರಿ ಹಿಡಿದರೆ ಮತ್ತೆ ಬಂಟ್ವಾಳ. ಒಂದು ದಿನದಲ್ಲಿ ಬಸ್ಸಿನಲ್ಲೇ ಸುತ್ತಿ ಮುಗಿಸಬಹುದಾದ ತ್ರಿಕೋನವಿದು.

ಈ ದಾರಿಯಲ್ಲಿ ಬರುವವರು ಸಾಮಾನ್ಯವಾಗಿ ಧರ್ಮಸ್ಥಳಕ್ಕೆ ಹೋಗುತ್ತಾರೆ, ವೇಣೂರಿನ ಗೊಮ್ಮಟನನ್ನು ಕಾಣುತ್ತಾರೆ, ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಕಂಬ ಎಣಿಸಲು ಹೊರಟು ನಡುವೆ ಲೆಕ್ಕ ತಪ್ಪುತ್ತಾರೆ. ರಸ್ತೆಯ ಎರಡೂ ಬದಿಯ ಅಡಿಕೆ ತೋಟಗಳ ನಡುವೆ ಅಡಗಿರುವ ಹಂಚಿನ ಮನೆಗಳತ್ತ ಕಣ್ಣು ಹಾಯಿಸುವವರು ಕಡಿಮೆ. ಆದರೆ ಸಂಸಾರದ ಖರ್ಚು ಹೇಗೆ ತಗ್ಗಿಸುವುದು ಎಂಬ ಪ್ರಶ್ನೆ ಹೊತ್ತವರಿಗೆ ನೋಡತಕ್ಕ ಸ್ಥಳಗಳೆಂದರೆ ಆ ಮನೆಗಳ ಅಟ್ಟ ಮತ್ತು ಅಡುಗೆಕೋಣೆಯ ಮೂಲೆಗಳು.

ಎಲ್ಲಕ್ಕೂ ಮೂಲ ಇಲ್ಲಿನ ಮಳೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬಂದುಬಿಡುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ತುಳುವರ ಆಟಿ ತಿಂಗಳು. ನಾಟಿ ಮುಗಿದಿರುತ್ತದೆ, ಕೂಲಿ ಇರುವುದಿಲ್ಲ, ತೋಡು ದಾಟುವಂತಿಲ್ಲ, ಕಟ್ಟಿಗೆ ಒಣಗುವುದಿಲ್ಲ. ನೇತ್ರಾವತಿಯ ದಡದ ಬಂಟ್ವಾಳ ಪೇಟೆಯಂತೂ 1923 ಮತ್ತು 1974ರ ನೆರೆಗಳಲ್ಲಿ ಮುಳುಗಿಯೇ ಹೋಗಿತ್ತು. ಅಂಗಡಿಯೇ ನೀರಿನಲ್ಲಿದ್ದರೆ ಕೈಯಲ್ಲಿ ದುಡ್ಡಿದ್ದೂ ಪ್ರಯೋಜನವೇನು? ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆ ನಾಡಿಗೆಲ್ಲ ಗೊತ್ತು. ಇಲ್ಲಿಯವರು ಒಂದು ಹೆಜ್ಜೆ ಮುಂದೆ ಹೋಗಿ, ಮಳೆಗಾಲಕ್ಕೆ ಬೇಕಾದ ಹಾಸಿಗೆಯನ್ನು ಬೇಸಗೆಯಲ್ಲೇ ಹೊಲಿದಿಟ್ಟುಕೊಳ್ಳುತ್ತಿದ್ದರು.

ಹಲಸಿನ ಹಣ್ಣನ್ನೇ ನೋಡಿ. ಪೇಟೆಯಲ್ಲಿ ಹತ್ತು ಸೊಳೆಗೆ ಇಂತಿಷ್ಟು ಎಂದು ಮಾರುವ ಈ ಹಣ್ಣು ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ಮರದ ಬುಡದಲ್ಲಿ ಬಿದ್ದು ಕೊಳೆಯುವಷ್ಟು ಇರುತ್ತದೆ. ಬಲಿತ ಕಾಯಿಯ ಸೊಳೆ ಬಿಡಿಸಿ, ಉಪ್ಪಿನೊಡನೆ ಭರಣಿಗೆ ಒತ್ತಿ ತುಂಬಿ, ಮೇಲೆ ಭಾರ ಇಟ್ಟರೆ ಅದು ಉಪ್ಪುಸೊಳೆ. ತುಳುವಿನಲ್ಲಿ ಉಪ್ಪಡ್ ಪಚ್ಚಿಲ್. ತರಕಾರಿ ಸಿಗದ ಆಟಿಯಲ್ಲಿ ಬೇಕಾದಷ್ಟು ತೆಗೆದು, ನೀರಲ್ಲಿ ನೆನೆಸಿ ಉಪ್ಪು ಬಿಡಿಸಿದರೆ ಪಲ್ಯವಾಯಿತು, ಅಕ್ಕಿಯೊಡನೆ ರುಬ್ಬಿದರೆ ರೊಟ್ಟಿಯಾಯಿತು. ಬೇಯಿಸಿ ಕಡೆದ ಸೊಳೆ ಹಪ್ಪಳವಾಗಿ ಅಂಗಳದ ಚಾಪೆಯ ಮೇಲೆ ಒಣಗುತ್ತದೆ. ಬೀಜಕ್ಕೆ ಕೆಮ್ಮಣ್ಣು ಮೆತ್ತಿ ಇಟ್ಟರೆ ತಿಂಗಳುಗಟ್ಟಲೆ ಕೆಡದು. ಉಪ್ಪು ಹಾಕಿ ಬೇಯಿಸಿ ಒಣಗಿಸಿದ ಬೀಜಕ್ಕೆ ಸಾಂತಾಣಿ ಎಂದು ಹೆಸರು. ಮಳೆಗೆ ಶಾಲೆಗೆ ಹೋಗುವ ಮಕ್ಕಳ ಜೇಬಿನಲ್ಲಿ ಅದೇ ಚಾಕಲೇಟು. ಒಂದನ್ನು ಬಾಯಿಗಿಟ್ಟರೆ ಒಂದು ಪೀರಿಯಡ್ ಕಳೆಯುತ್ತಿತ್ತು. ಉಳಿದ ಸಿಪ್ಪೆ, ಗೂಂಜು ದನಕ್ಕೆ.

ಹಾಗೆಯೇ ಸೌತೆ. ಹೊರಗಿನವರು ಮಂಗಳೂರು ಸೌತೆ ಎಂದು ಕರೆಯುವ ಈ ಬಣ್ಣದ ಕಾಯಿಯನ್ನು ಭತ್ತದ ಕೊಯ್ಲಿನ ನಂತರ ಗದ್ದೆಯಲ್ಲಿ ಬೆಳೆದು, ಬಾಳೆಯ ನಾರಿನಲ್ಲೋ ತೆಂಗಿನ ಗರಿಯಲ್ಲೋ ಕಟ್ಟಿ ಮಾಡಿನ ಅಡಿಗೆ ಸಾಲಾಗಿ ತೂಗುಹಾಕುತ್ತಾರೆ. ಒಂದಕ್ಕೊಂದು ತಾಗಬಾರದು, ಗಾಳಿ ಆಡಬೇಕು, ಅಷ್ಟೇ ವಿದ್ಯೆ. ಕರೆಂಟು ಬೇಡ, ಫ್ರಿಜ್ ಬೇಡ. ಕಾಯಿಯ ಹೋಳಿನಿಂದ ಹುಳಿ, ತಿರುಳಿನಿಂದ ತಂಬುಳಿ, ಸಿಪ್ಪೆಯಿಂದ ಚಟ್ನಿ. ಎಸೆಯಲು ಏನೂ ಉಳಿಯುವುದಿಲ್ಲ.

ಅಕ್ಕಿಗೆ ಮುಡಿ. ಬೈಹುಲ್ಲನ್ನು ಹರಡಿ, ಕುಚ್ಚಲಕ್ಕಿ ಸುರಿದು, ಬಡಿದು ಬಡಿದು ಗುಂಡಗೆ ಮಾಡಿ, ಹುಲ್ಲಿನ ಹಗ್ಗದಲ್ಲೇ ಬಿಗಿಯುವ ಆ ಕಟ್ಟಿನಲ್ಲಿ ಗೋಣಿಯ ಖರ್ಚೂ ಇಲ್ಲ, ಹುಳದ ಕಾಟವೂ ಕಡಿಮೆ. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಅಂದರೆ 42 ಸೇರು. ಮನೆಯೊಡತಿ ಅಟ್ಟಕ್ಕೆ ಕಣ್ಣೆತ್ತಿ ಮುಡಿ ಎಣಿಸಿದರೆ ಯಾವ ತಿಂಗಳವರೆಗೆ ಊಟ ಎಂಬುದು ತಿಳಿಯುತ್ತಿತ್ತು. ಒಕ್ಕಲುಗಳ ಗೇಣಿಯ ಲೆಕ್ಕವೂ ಮುಡಿಯಲ್ಲೇ ಇತ್ತು. ಧಣಿಯ ಅಟ್ಟದಲ್ಲಿ ಮುಡಿ ತುಂಬಿದಾಗ ಒಕ್ಕಲಿನ ಅಟ್ಟ ಬರಿದಾಗುತ್ತಿತ್ತು ಎಂಬುದನ್ನು ಮರೆಯಬಾರದು. 1974ರ ಭೂಸುಧಾರಣೆಯ ಬಳಿಕವಷ್ಟೇ ಅನೇಕ ಮನೆಗಳಿಗೆ ತಾವು ಬೆಳೆದ ಅಕ್ಕಿಯನ್ನು ತಾವೇ ಮುಡಿ ಕಟ್ಟಿಡುವ ಭಾಗ್ಯ ಬಂತು. ವಿಪರ್ಯಾಸವೆಂದರೆ, ಆ ಗದ್ದೆಗಳಲ್ಲಿ ಬಹಳಷ್ಟು ಈಗ ಅಡಿಕೆ ತೋಟಗಳಾಗಿವೆ. ಮುಡಿ ಕಟ್ಟಬಲ್ಲ ಕೈಗಳೂ ವಿರಳ.

ಹಳತೆಲ್ಲವೂ ಹೋಯಿತು ಎಂದು ನಿಟ್ಟುಸಿರು ಬಿಡಬೇಕಾಗಿಲ್ಲ. ಬೇಯಲು ಬಹಳ ಹೊತ್ತು ಹಿಡಿಯುವ ಕುಚ್ಚಲಕ್ಕಿಯನ್ನು ಸ್ವಲ್ಪ ಹೊತ್ತು ಕುದಿಸಿ, ಪಾತ್ರೆಯನ್ನು ಬಿಸಿ ಆರದ ಪೆಟ್ಟಿಗೆಯೊಳಗೆ ಮುಚ್ಚಿಟ್ಟು, ತನ್ನ ಬಿಸಿಯಲ್ಲೇ ಬೇಯಲು ಬಿಡುವ ಪದ್ಧತಿ ಇಂದಿಗೂ ಇಲ್ಲಿನ ಎಷ್ಟೋ ಮನೆಗಳಲ್ಲಿ ಇದೆ. ಗ್ಯಾಸ್ ಸಿಲಿಂಡರ್ ಇನ್ನಷ್ಟು ದಿನ ಬಾಳುತ್ತದೆ. ಬಚ್ಚಲ ಹಂಡೆಯ ನೀರು ಕಾಯುವುದು ತೆಂಗಿನ ಮಡಲು, ಅಡಿಕೆ ಸಿಪ್ಪೆಗಳಿಂದ. ಅಡಿಕೆಯ ಹಾಳೆ ಹಿಂದೆ ತಲೆಗೆ ಮುಟ್ಟಾಳೆಯಾಗುತ್ತಿತ್ತು, ಬಾವಿಕಟ್ಟೆಯಲ್ಲಿ ನೀರು ಮೊಗೆಯುತ್ತಿತ್ತು. ಈಗ ಯಂತ್ರದಲ್ಲಿ ಒತ್ತಿಸಿಕೊಂಡು ತಟ್ಟೆಯಾಗಿ ಬೆಂಗಳೂರಿನ ಮದುವೆಗಳಿಗೆ ಹೋಗುತ್ತದೆ.

ಇಷ್ಟೆಲ್ಲ ಓದಿ, ಎಷ್ಟು ಸುಲಭ ಎಂದು ಯಾರಾದರೂ ಅಂದುಕೊಂಡರೆ ಅದು ತಪ್ಪು ಲೆಕ್ಕ. ದುಡ್ಡು ಉಳಿದದ್ದು ನಿಜ; ಅದರ ಬದಲಿಗೆ ವೆಚ್ಚವಾದದ್ದು ಬೆವರು, ಅದೂ ಹೆಚ್ಚಾಗಿ ಹೆಂಗಸರದ್ದು. ಕೈಗೆ ಎಣ್ಣೆ ಹಚ್ಚಿ ಮೇಣ ಬಿಡಿಸುತ್ತ ಒಂದೊಂದು ಹಲಸಿಗೂ ಗಂಟೆಗಟ್ಟಲೆ ಕುಳಿತವರು ಅವರು. ಮಿತವ್ಯಯದ ಉಪದೇಶ ಮಾಡುವ ಗಂಡಸರು ಭರಣಿ ತೊಳೆದದ್ದು ಕಡಿಮೆ.

ಬಂಟ್ವಾಳ ತಾಲ್ಲೂಕಿನಲ್ಲಿ ಆ ಬೆವರಿಗೆ ಇನ್ನೊಂದು ಹೆಸರು ಬೀಡಿ. ಮನೆಗೆಲಸ ಮುಗಿಸಿ ಜಗಲಿಯಲ್ಲಿ ಕಾಲು ಚಾಚಿ, ಮಡಿಲ ಮೇಲೆ ತಡ್ಪೆ ಇಟ್ಟುಕೊಂಡು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ ಸುತ್ತುವ ಕೆಲಸ ಬೆಳ್ತಂಗಡಿ, ಮೂಡುಬಿದಿರೆಗಳಲ್ಲೂ ತಲೆಮಾರುಗಳಿಂದ ನಡೆದಿದೆ. ಸಾವಿರ ಬೀಡಿಗೆ ಇಷ್ಟು ಎಂಬ ಮಜೂರಿ. ಜೂನ್ ತಿಂಗಳ ಶಾಲಾ ಫೀಸು, ಪುಸ್ತಕ, ಕೊಡೆ ಎಲ್ಲ ಆ ಹಣದಿಂದ. ಈ ಕರಾವಳಿಯ ಎಷ್ಟೋ ಮೇಷ್ಟ್ರುಗಳು, ಎಂಜಿನಿಯರುಗಳು ಅಮ್ಮನ ತಡ್ಪೆಯಿಂದ ಎದ್ದು ಬಂದವರು. ಅದಕ್ಕೆ ಪ್ರತಿಯಾಗಿ ಆಕೆಗೆ ಸಿಕ್ಕದ್ದು ಬೆನ್ನುನೋವು, ಹೊಗೆಸೊಪ್ಪಿನ ಧೂಳಿನ ಕೆಮ್ಮು. ಬೀಡಿಗೆ ಬೇಡಿಕೆ ತಗ್ಗಿ ಈಗ ಕೆಲಸವೂ ಕುಗ್ಗಿದೆ. ಪಾಲಕರು ಗಮನಿಸಬೇಕಾದ ಮಾತೊಂದಿದೆ: ಬೀಡಿ ಕಾರ್ಮಿಕರ ಮಕ್ಕಳಿಗೆ ಒಂದನೇ ತರಗತಿಯಿಂದ ವೃತ್ತಿಶಿಕ್ಷಣದವರೆಗೆ ಕೇಂದ್ರ ಕಾರ್ಮಿಕ ಸಚಿವಾಲಯದ ವಿದ್ಯಾರ್ಥಿವೇತನವಿದೆ. ತಾಯಿಯ ಗುರುತುಚೀಟಿ ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದರೆ ಹುಡುಕಿ ತೆಗೆಯುವುದು ಒಳ್ಳೆಯದು.

ಇದೇ ತಾಲ್ಲೂಕಿನ ದಕ್ಷಿಣದ ತುದಿಯಲ್ಲಿ, ಕೇರಳದ ಗಡಿಗೆ ಹತ್ತಿರ, ಅಡ್ಯನಡ್ಕ ಇದೆ. ಅಲ್ಲಿಯ ಅಮೈ ಮಹಾಲಿಂಗ ನಾಯ್ಕರು ತೋಟದ ಕೂಲಿಯಾಳಾಗಿದ್ದವರು. ಭೂಮಾಲಿಕರಿಂದ ಸಿಕ್ಕ ಸುಮಾರು ಎರಡು ಎಕರೆ ಬೋಳುಗುಡ್ಡದಲ್ಲಿ ನೀರಿರಲಿಲ್ಲ. ಬಾವಿ ತೋಡಿಸಲು ದುಡ್ಡೂ ಇರಲಿಲ್ಲ. ಹಗಲು ಕೂಲಿ ಮುಗಿಸಿ ಬಂದು ದೀಪದ ಬೆಳಕಿನಲ್ಲಿ ಗುಡ್ಡದೊಳಕ್ಕೆ ಅಡ್ಡಲಾಗಿ ಸುರಂಗ ಕೊರೆದರು. ಒಂದರ ಮೇಲೊಂದು ಸುರಂಗ ಒಣಗಿದ್ದೇ ಆಯಿತು. ಊರವರು ನಕ್ಕರು. ಕೊನೆಗೆ ನೀರು ಬಂತು. ಮೇಲಿನಿಂದ ಕೆಳಕ್ಕೆ ತಾನಾಗಿ ಹರಿಯುವ ನೀರು, ಪಂಪು ಬೇಡದ ನೀರು. ಗುಡ್ಡ ತೋಟವಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರು ಹಾಕಿದ ಬಂಡವಾಳ ಗುದ್ದಲಿ ಮತ್ತು ವರ್ಷಗಳು. ಎಲ್ಲರಿಗೂ ಅಷ್ಟು ವರ್ಷಗಳನ್ನು ಹೂಡುವ ಎದೆಗಾರಿಕೆ ಇರುವುದಿಲ್ಲ, ಒಂಟಿಯಾಗಿ ಎಲ್ಲರೂ ಗುಡ್ಡ ಕೊರೆಯಲಾರರು.

ಒಂಟಿಯಾಗಿ ಆಗದ್ದನ್ನು ಕೂಡಿ ಮಾಡುವ ಬಗೆಯನ್ನು ನೋಡಲು ಬೆಳ್ತಂಗಡಿಗೆ ಬರಬೇಕು. ಉಜಿರೆಯ ಸಿದ್ಧವನ ಗುರುಕುಲವನ್ನು 1940ರಲ್ಲಿ ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು ಆರಂಭಿಸಿದರು. ಓದಲು ಆಸೆಯಿದ್ದು, ಊಟ-ವಸತಿಗೆ ದಾರಿಯಿಲ್ಲದ ಹುಡುಗರಿಗೆ ಅಲ್ಲಿ ಉಚಿತ ನೆಲೆ. ಪ್ರತಿಯಾಗಿ ತೋಟದಲ್ಲಿ ಮೈಮುರಿದು ದುಡಿಮೆ, ಬೆಳಗಿನ ಪ್ರಾರ್ಥನೆ, ಶಿಸ್ತು. ತಾನು ನೀರೆರೆದ ಗಿಡದ ತರಕಾರಿಯನ್ನು ತಟ್ಟೆಯಲ್ಲಿ ಬಿಡುವ ಹುಡುಗ ಅಪರೂಪ. ಇಂದಿನ ಹಾಸ್ಟೆಲುಗಳ ಊಟದ ಕೋಣೆಯ ಹೊರಗಿನ ಡ್ರಮ್ಮುಗಳಲ್ಲಿ ತುಂಬುವ ಅನ್ನವನ್ನು ಕಂಡವರಿಗೆ ಆ ಕ್ರಮದ ಬೆಲೆ ತಿಳಿದೀತು. ಅದೇ ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ನಿರುದ್ಯೋಗಿ ಯುವಕ ಯುವತಿಯರಿಗೆ ಊಟ, ವಸತಿಯೊಡನೆ ಸ್ವಂತ ಉದ್ಯೋಗದ ತರಬೇತಿಯನ್ನು ಉಚಿತವಾಗಿ ಕೊಡುತ್ತದೆ. ಡಿಗ್ರಿ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವ ಮೊದಲು ಅಲ್ಲಿ ಒಮ್ಮೆ ವಿಚಾರಿಸಿದರೆ ನಷ್ಟವಿಲ್ಲ.

ಅದೇ 1982ರಲ್ಲಿ ಈ ತಾಲ್ಲೂಕಿನಲ್ಲಿ ಆರಂಭವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ಗುಂಪುಗಳದ್ದು ಇನ್ನೂ ಸರಳ ಉಪಾಯ. ಐದಾರು ಮಂದಿ ಸಣ್ಣ ರೈತರು ವಾರಕ್ಕೊಂದು ದಿನ ಸರದಿಯಂತೆ ಒಬ್ಬೊಬ್ಬರ ಜಮೀನಿನಲ್ಲಿ ಎಲ್ಲರೂ ಕೂಡಿ ದುಡಿಯುವುದು. ಕೂಲಿ ಕೊಡುವಂತಿಲ್ಲ, ಕೊಡಬೇಕಾದದ್ದು ಮುಯ್ಯಿ ಮಾತ್ರ. ಜೊತೆಗೆ ವಾರವಾರದ ಸಣ್ಣ ಉಳಿತಾಯ, ಅದರ ಬೆನ್ನಿಗೆ ಸಾಲ. ಇಲ್ಲಿ ಒಂದು ಎಚ್ಚರಿಕೆ ಬೇಕು. ವಾರದ ಕಂತು ಎಂದಾಗ ಸಾಲ ಹಗುರವಾಗಿ ಕಾಣುತ್ತದೆ. ದನ ಕೊಳ್ಳಲು ತಂದ ಸಾಲ ಹಾಲಿನಿಂದ ತೀರುತ್ತದೆ; ಟಿ.ವಿ. ಕೊಳ್ಳಲು ತಂದ ಸಾಲ ಯಾವುದರಿಂದ ತೀರಬೇಕು? ಯಾರಿಂದಲೇ ಸಾಲ ತಂದಿರಲಿ, ಕಂತನ್ನು ಐವತ್ತೆರಡರಿಂದ ಗುಣಿಸಿ ನೋಡುವ ಕೆಲಸವನ್ನು ಮನೆಯ ಹೈಸ್ಕೂಲು ಹುಡುಗಿಗೆ ವಹಿಸಬಹುದು.

ಮದುವೆಯ ವಿಷಯ ಇದಕ್ಕಿಂತ ದೊಡ್ಡದು. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು 1972ರಲ್ಲಿ ಸಾಮೂಹಿಕ ವಿವಾಹ ಆರಂಭಿಸಿದಾಗ ಮಗಳ ಮದುವೆಗೆ ಗದ್ದೆ ಅಡವಿಟ್ಟವರು ಊರೂರಲ್ಲಿ ಇದ್ದರು. ಸೀರೆ, ಧೋತಿ, ತಾಳಿ, ಊಟ ಎಲ್ಲವೂ ಕ್ಷೇತ್ರದ್ದೇ. ಈವರೆಗೆ 12 ಸಾವಿರಕ್ಕೂ ಹೆಚ್ಚು ಜೋಡಿಗಳು ಅಲ್ಲಿ ಸಂಸಾರಕ್ಕೆ ಕಾಲಿಟ್ಟಿವೆ. ಆದರೆ ಅದೇ ದಾರಿಯ ಹಾಲುಗಳಲ್ಲಿ ಈಗ ಮದುವೆಯ ಮುನ್ನಾದಿನದ ಮೆಹೆಂದಿ ಎಂಬ ಹೊಸ ಹಬ್ಬ ಶುರುವಾಗಿದೆ. ದೀಪಾಲಂಕಾರ, ಧ್ವನಿವರ್ಧಕ, ನೂರಾರು ಜನರ ಊಟ. ತಾಯಿ ಹತ್ತು ವರ್ಷ ತಡ್ಪೆಯ ಮುಂದೆ ಕೂತು ಉಳಿಸಿದ್ದು ಒಂದೇ ರಾತ್ರಿಯಲ್ಲಿ ಕುಣಿದು ಹೋಗುತ್ತದೆ.

ಮೂಡುಬಿದಿರೆಗೆ ಆ ಹೆಸರು ಬಂದದ್ದು ಬಿದಿರಿನಿಂದ. ಆಟಿಯಲ್ಲಿ ಬಿದಿರಿನ ಎಳೆ ಮೊಳಕೆ ಕಣಿಲೆ ಇಲ್ಲಿ ಬಿಟ್ಟಿ ತರಕಾರಿಯಾಗಿತ್ತು. ಹಾಗೇ ತಿಂದರೆ ವಿಷ. ಹೆಚ್ಚಿ ಮೂರು ದಿನ ನೀರು ಬದಲಿಸುತ್ತ ನೆನೆಸಿದ ಮೇಲಷ್ಟೇ ಅಡುಗೆಗೆ. ಸಂತೆಯಲ್ಲಿ ಅದಕ್ಕೂ ಈಗ ಒಳ್ಳೆಯ ರೇಟು. 1430ರ ಸಾವಿರ ಕಂಬದ ಬಸದಿಯ ಸುತ್ತಲಿನ ಜೈನರ ಮನೆಗಳಲ್ಲಿ ಸಂಪ್ರದಾಯಸ್ಥರು ಸೂರ್ಯ ಮುಳುಗುವ ಮೊದಲೇ ಉಣ್ಣುತ್ತಾರೆ. ಅದು ಅಹಿಂಸೆಯ ವ್ರತ, ದೀಪದ ಎಣ್ಣೆ ಉಳಿಸುವ ಲೆಕ್ಕವಲ್ಲ. ಆದರೂ ಎಣ್ಣೆ ಉಳಿಯುತ್ತಿದ್ದದ್ದು ಸುಳ್ಳಲ್ಲ.

ಇಂದು ಈ ಊರು ವಿದ್ಯಾರ್ಥಿಗಳದ್ದು. ರಾಜ್ಯದ ಮೂಲೆಮೂಲೆಯಿಂದ ಬಂದ ಮಕ್ಕಳು ಇಲ್ಲಿನ ಹಾಸ್ಟೆಲುಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ತುಂಬಿದ್ದಾರೆ. ಫೀಸಿನ ಮುಂದೆ ಉಪ್ಪುಸೊಳೆಯ ಉಳಿತಾಯ ಯಾವ ಲೆಕ್ಕಕ್ಕೂ ಬಾರದು ಎಂದು ಪಾಲಕರು ಹೇಳಿದರೆ ಅದರಲ್ಲಿ ಹುರುಳಿದೆ. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ 2023ರ ಜೂನ್‌ನಿಂದ ಟಿಕೆಟ್ ಇಲ್ಲ; ಧರ್ಮಸ್ಥಳ, ಉಜಿರೆಯ ಹುಡುಗಿಯರಿಗೆ ಅದು ದೊಡ್ಡ ಅನುಕೂಲ. ಆದರೆ ಮೂಡುಬಿದಿರೆಯ ರಸ್ತೆಗಳಲ್ಲಿ ಖಾಸಗಿ ಬಸ್ಸುಗಳದ್ದೇ ಕಾರುಬಾರು. ಹದಿನೈದು ಕಿಲೋಮೀಟರ್ ಆಚೆ ಹುಟ್ಟಿದ್ದಕ್ಕೆ ತಿಂಗಳ ಖರ್ಚೇ ಬೇರೆಯಾಗುತ್ತದೆ.

ಹಾಗಿದ್ದರೂ ರಜೆ ಮುಗಿದು ಹಾಸ್ಟೆಲಿಗೆ ಮರಳುವ ದಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವ ಚೀಲಗಳನ್ನು ನೋಡಬೇಕು. ಉತ್ತರ ಕರ್ನಾಟಕದ ತಾಯಂದಿರು ಕಟಿ ಜೋಳದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ಡಬ್ಬಿ ತುಂಬ ಶೇಂಗಾ ಚಟ್ನಿಪುಡಿ ಕೊಟ್ಟಿರುತ್ತಾರೆ. ಬಂಟ್ವಾಳದ ಹುಡುಗನ ಚೀಲದಲ್ಲಿ ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ. ಒಂದು ತಿಂಗಳಿಗೆ ಎಂದು ಕೊಟ್ಟ ರೊಟ್ಟಿ ನಾಲ್ಕು ದಿನಕ್ಕೆ ಮುಗಿಯುತ್ತದೆ, ಏಕೆಂದರೆ ಕೋಣೆಯಲ್ಲಿ ಆರು ಮಂದಿ ಇರುತ್ತಾರೆ. ಐದನೆಯ ದಿನದಿಂದ ಎಲ್ಲರೂ ಹಪ್ಪಳಕ್ಕೆ ಇಳಿಯುತ್ತಾರೆ.