ತೊಂಬತ್ತು ನಿಮಿಷಕ್ಕೆ ಎರಡು ರಾತ್ರಿ

ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳಿಗೆ ಹೊರಗಿನವರು ಬರುವುದು ಬಹುಮಟ್ಟಿಗೆ ಶಾರದಾಂಬೆಯ ದರ್ಶನಕ್ಕೆ. ಇಲ್ಲವೆ ತುಂಗೆ-ಭದ್ರೆಯರ ತೀರದ ಹಸಿರಿಗೆ ಮನಸೋತು. ಇದೇ ಊರುಗಳ ತರುಣರು ನಾಲ್ಕೈದು ಮಂದಿ ಕೂಡಿ ರಾತ್ರಿಯ ಬಸ್ಸು ಹತ್ತಿದರೆ ಅವರ ಯಾತ್ರೆಯ ಉದ್ದೇಶವೇ ಬೇರೆಯಿರಬಹುದು: ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದ ಕಾಲ್ಚೆಂಡಾಟ!

ಮಲೆನಾಡಿಗೆ ಈ ಆಟ ಹೇಳಿ ಮಾಡಿಸಿದಂತಹುದು. ಕ್ರಿಕೆಟ್ಟಿಗೆ ಮಳೆ ಶತ್ರು. ಕಾಲ್ಚೆಂಡಿಗೆ ಅದು ಬಹುಮಟ್ಟಿಗೆ ಜೊತೆಗಾರ. ಆದರೆ ವೃತ್ತಿ ತಂಡಗಳ ಆಟವನ್ನು ಕಣ್ಣಾರೆ ಕಾಣಬೇಕಾದರೆ ಸುಮಾರು 300 ಕಿಲೋಮೀಟರು ಕ್ರಮಿಸಲೇಬೇಕು. 2013ರಲ್ಲಿ ಹುಟ್ಟಿ, ಮೊದಲ ವರ್ಷವೇ ಐ-ಲೀಗ್ ಗೆದ್ದ ಬೆಂಗಳೂರು ಎಫ್.ಸಿ., 2017ರಲ್ಲಿ ಇಂಡಿಯನ್ ಸೂಪರ್ ಲೀಗನ್ನು ಸೇರಿತು. ಸುನಿಲ್ ಛೇತ್ರಿಯ ಹೆಸರು ಅಡಿಕೆ ಸುಲಿಯುವ ಚಪ್ಪರಗಳಿಗೂ ತಲುಪಿತು.

ತೊಡಕಿರುವುದೂ ಆ ಚಪ್ಪರದಲ್ಲಿಯೇ. ಪಂದ್ಯಗಳ ಋತುವೂ ಅಡಿಕೆ ಕೊಯ್ಲಿನ ಕಾಲವೂ ಬಹುತೇಕ ಒಂದೇ. ಕೊನೆಗೌಡ ಮರವೇರಿದ ದಿನ, ಹಂಡೆಯಲ್ಲಿ ಅಡಿಕೆ ಬೇಯುವ ದಿನ, ಮನೆಯ ಹುಡುಗ ‘ಆಟ ನೋಡಿ ಬರುತ್ತೇನೆ’ ಎಂದರೆ ದೊರೆಯುವ ಉತ್ತರವನ್ನು ವಾಚಕರೇ ಊಹಿಸಬಲ್ಲರು. ಕೊಯ್ಲು ಮುಗಿಯುವಷ್ಟರಲ್ಲಿ ಪರೀಕ್ಷೆ ಎದುರಾಗುತ್ತದೆ. ಅನುಭವಸ್ಥರಿಗೆ ತಿಳಿದಿರುವ ಉಪಾಯ ಒಂದೇ. “ಅಪ್ಪಯ್ಯಾ, ನೀವೂ ಬನ್ನಿ” ಎಂದುಬಿಡುವುದು. ಅಪ್ಪಯ್ಯ ಬರಲಿ ಬಿಡಲಿ, ಅರ್ಧ ಅನುಮತಿ ಕೈಗೆ ಬಂದಂತೆ.

2019ರ ಮಾರ್ಚ್ 11ರ ಪಂದ್ಯವನ್ನೇ ನೋಡಿ. ನಾರ್ತ್‌ಈಸ್ಟ್ ಯುನೈಟೆಡ್ ವಿರುದ್ಧ ಉಪಾಂತ್ಯದ ಎರಡನೆಯ ಸುತ್ತು. ಮೊದಲ ಸುತ್ತಿನಲ್ಲಿ, ಗುವಾಹಟಿಯಲ್ಲಿ, ಬೆಂಗಳೂರು 1-2ರಿಂದ ಸೋತಿತ್ತು. ಅಂದು ಸೋಮವಾರ, ಆಟದ ಆರಂಭ ಸಂಜೆ ಏಳೂವರೆಗೆ. ಆದ್ದರಿಂದ ಭಾನುವಾರ ರಾತ್ರಿ ಊರು ಬಿಟ್ಟರೆ ಮಂಗಳವಾರ ಬೆಳಗ್ಗೆ ಮರಳಿ ಮನೆ. ಎರಡೂ ರಾತ್ರಿ ನಿದ್ರೆ ಬಸ್ಸಿನ ಕುಲುಕಾಟಕ್ಕೆ ಅರ್ಪಿತ. ವಸತಿಗೃಹದ ಖರ್ಚು ಉಳಿಯಿತೆಂಬುದೊಂದೇ ಲಾಭ. ಹಿಂದೊಮ್ಮೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಪುಟ್ಟ ಟ್ರಾಮ್ ಹಾದಿಯಿತ್ತು. ಅದು ಉಳಿದಿದ್ದರೆ ಈ ಲೆಕ್ಕ ಬೇರೆಯಾಗುತ್ತಿತ್ತೇನೋ!

ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದವರು ಹಗಲನ್ನು ಹೇಗೋ ಕಳೆದು, ಮೆಟ್ರೋದಲ್ಲಿ ಮೂರನೆಯ ನಿಲ್ದಾಣವಾದ ಕಬ್ಬನ್ ಪಾರ್ಕಿನಲ್ಲಿ ಇಳಿದರೆ ಮುಂದೆ ಕಾಲ್ನಡಿಗೆ. ಕ್ರೀಡಾಂಗಣವಿರುವುದು ಹಳೆಯ ಸಂಪಂಗಿ ಕೆರೆಯ ಅಂಗಳದಲ್ಲಿ. ನರಸಿಂಹರಾಜಪುರದವರಿಗೆ ಇಲ್ಲೊಂದು ಸಣ್ಣ ಹೆಮ್ಮೆಯುಂಟು: ಎಡೇಹಳ್ಳಿಯಾಗಿದ್ದ ಅವರ ಊರಿಗೆ ಈಗಿನ ಹೆಸರು ಬಂದದ್ದು ಯುವರಾಜ ಕಂಠೀರವ ನರಸಿಂಹರಾಜ ಒಡೆಯರಿಂದ. ಅಂಕಣದ ಸುತ್ತ ಓಟದ ಹಾದಿ ಇರುವುದರಿಂದ ಆಟಗಾರರು ತುಸು ದೂರದಲ್ಲಿ ಕಾಣುತ್ತಾರೆ. ಆ ದೂರವನ್ನು ಮರೆಸುವುದು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿ ಬಳಗದ ಹಾಡು, ಚಪ್ಪಾಳೆ.

ಯೋಜನೆಯ ನಿಜವಾದ ಪರೀಕ್ಷೆ ಆಟದ ಕೊನೆಯಲ್ಲಿ. ತೊಂಬತ್ತು ನಿಮಿಷ, ನಡುವಿನ ವಿರಾಮ, ಹೊರಬರುವ ನೂಕುನುಗ್ಗಲು ಎಲ್ಲ ಸೇರಿ ಒಂಬತ್ತೂವರೆ ದಾಟುತ್ತದೆ; ಮರಳುವ ಬಸ್ಸು ಯಾರಿಗೂ ಕಾಯದು. ಅಂದು 71 ನಿಮಿಷ ಗೋಲೇ ಇಲ್ಲ. 72ರಲ್ಲಿ ಮಿಕು ಚೆಂಡನ್ನು ಬಲೆಗೆ ಸೇರಿಸಿದಾಗ ಎರಡು ಸುತ್ತಿನ ಲೆಕ್ಕ ಸಮವಾಯಿತು, ಅಷ್ಟೆ. ಗಡಿಯಾರ ನೋಡಿಕೊಂಡು ಆಗ ಎದ್ದು ಹೊರಟವನ ಪಾಡು ಶೋಚನೀಯ: 87ನೆಯ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ, ಹೆಚ್ಚುವರಿ ಅವಧಿಯ ಎರಡನೆಯ ನಿಮಿಷದಲ್ಲಿ ಛೇತ್ರಿ! 3-0. ಬಸ್ಸಿಗಾಗಿ ಗೋಲು ಕಳೆದುಕೊಳ್ಳುವುದೋ, ಗೋಲಿಗಾಗಿ ಬಸ್ಸೋ ಎಂಬ ಧರ್ಮಸಂಕಟಕ್ಕೆ ಪರಿಹಾರವನ್ನು ಹೊರಡುವ ಮೊದಲೇ ಊರಿನಲ್ಲಿ ತೀರ್ಮಾನಿಸಿಕೊಳ್ಳುವುದು ಲೇಸು. ಕೊನೆಯ ಬಸ್ಸಿಗೇ ಟಿಕೆಟ್ಟು ಕಾದಿರಿಸಿದವನೇ ಜಾಣ.

ಮುಂದಿನ ಭಾನುವಾರ, 17ರಂದು, ಅಂತಿಮ ಪಂದ್ಯ ಮುಂಬಯಿಯಲ್ಲಿ. ಅಷ್ಟು ದೂರಕ್ಕೆ ಯಾವ ಅಪ್ಪಯ್ಯನೂ ಒಪ್ಪಲಾರ. ಗೋವೆಯ ವಿರುದ್ಧದ ಆ ಆಟ ಹೆಚ್ಚುವರಿ ಅರ್ಧ ಗಂಟೆಗೆ ಬೆಳೆದು, ರಾಹುಲ್ ಭೇಕೆ 117ನೆಯ ನಿಮಿಷದಲ್ಲಿ ಏಕೈಕ ಗೋಲು ಹೊಡೆಯುವವರೆಗೆ, ಟಿ.ವಿ.ಯ ಮುಂದೆ ಕುಳಿತ ಮಲೆನಾಡಿಗರಿಗೆ ಬಸ್ಸಿನ ಚಿಂತೆ ಇರಲಿಲ್ಲ. ಕರೆಂಟು ಹೋಗದಿರಲಿ ಎಂಬುದೊಂದೇ ಹರಕೆ.