ಭಾಡಿಗೆಯ ಖೋಲಿಯೂ ಚಿಲುಮೆಯ ಹೊಗೆಯೂ

ನಿಪ್ಪಾಣಿಯಲ್ಲಿ ಹುಟ್ಟಿ ಬೆಳೆದವರಿಗೆ ತಂಬಾಕಿನ ವಾಸನೆಯು ಬಾಲ್ಯದಿಂದಲೇ ಪರಿಚಿತವಾದದ್ದು. ವಖಾರಿಗಳ ಗೋಡೆಯಲ್ಲಿ, ಬೀಡಿ ಕಟ್ಟುವ ಹೆಂಗಸರ ಸೆರಗಿನಲ್ಲಿ, ಪೇಟೆಯ ಗಾಳಿಯಲ್ಲಿ ಅದು ಬೆರೆತಿರುವದು. ಆದುದರಿಂದಲೇ ಮಾಳಿಗೆಯ ಮೇಲಿನ ಖೋಲಿಯಿಂದ ಬೇರೊಂದು ಹೊಗೆ ಇಳಿದುಬಂದರೆ ಮನೆಯೊಡತಿಯಾದ ಮುದುಕಿಗೆ ಒಡನೆಯೇ ತಿಳಿಯುವದು. “ತಮ್ಮಾ, ಇದೇನ ವಾಸನಿ?” ಎಂದು ಕೇಳಿದರೆ, “ಊದಿನಕಡ್ಡಿ ಹಚ್ಚೇನ್ರಿ, ಆಯಿ” ಎಂಬ ಉತ್ತರ. ಆಕೆ ನಂಬುವದಿಲ್ಲ, ನಂಬಿದಂತೆ ನಟಿಸುವಳು.

ಈ ನಟನೆಗೆ ಕಾರಣವಿಲ್ಲದಿಲ್ಲ. ಚಿಕ್ಕೋಡಿಗೆ ಓದಲು ಬಂದ ಹುಡುಗರಿಗೂ, ಅಥಣಿ, ರಾಯಬಾಗ, ಕಾಗವಾಡಗಳ ಕಡೆಗೆ ಸಕ್ಕರೆಯ ಹಂಗಾಮಿನಲ್ಲಿ ಬರುವ ಕೆಲಸಗಾರರಿಗೂ ಖೋಲಿ ಕೊಟ್ಟು, ಆ ಭಾಡಿಗೆಯಿಂದಲೇ ಔಷಧದ ಖರ್ಚು ತೂಗಿಸುವ ವೃದ್ಧರು ಅನೇಕರಿರುವರು. ಅತ್ತ ೧೯೮೫ರ ಮಾದಕದ್ರವ್ಯಗಳ ಕಾಯದೆಯ ೨೫ನೆಯ ಕಲಮು ಸ್ಪಷ್ಟವಾಗಿದೆ: ತನ್ನ ಮನೆಯಲ್ಲಿ ಇಂಥ ಅಪರಾಧ ನಡೆಯಲು ತಿಳಿದೂ ಆಸ್ಪದ ಕೊಟ್ಟ ಯಜಮಾನನಿಗೆ ಆ ಅಪರಾಧಕ್ಕಿರುವ ಶಿಕ್ಷೆಯೇ. ಗಾಂಜಾ ಸೇದಿದವನಿಗೆ ಆರು ತಿಂಗಳ ವರೆಗೆ ಸೆರೆ, ಇಲ್ಲವೆ ಹತ್ತು ಸಾವಿರ ರೂಪಾಯಿಗಳ ವರೆಗೆ ದಂಡ, ಇಲ್ಲವೆ ಎರಡೂ. (ಬರಿಯ ಎಲೆಯನ್ನು ಈ ಕಾಯದೆಯು ಗಾಂಜಾ ಎನ್ನುವದಿಲ್ಲ, ಹೂವಿನ ತೆನೆಯನ್ನೇ ಎನ್ನುವದು, ಭಂಗಿಪ್ರಿಯರಿಗೆ ಇದು ಸಂತೋಷದ ವಾರ್ತೆ.) “ತಿಳಿದೂ” ಎಂಬ ಒಂದು ಮಾತಿಗೆ ಹೆದರಿ, ಜನರು ತಿಳಿಯದೆ ಇರುವದನ್ನೇ ಅಭ್ಯಾಸ ಮಾಡಿಕೊಂಡಿದ್ದಾರೆ.

ಇನ್ನು ಕೆಲವರದು ವಿಪರೀತ ಮಾರ್ಗ. ವಾಸನೆ ಬಂದ ರಾತ್ರಿಯೇ ಹುಡುಗನ ಗಂಟುಮೂಟೆ ಅಂಗಳಕ್ಕೆ ಬೀಳುವದು. ಠೇವಣಿಯ ಹಣ ಮರಳುವದಿಲ್ಲ. ಅವನು ಎರಡು ಓಣಿಗಳಾಚೆ ಇನ್ನೊಂದು ಖೋಲಿ ಹಿಡಿಯುವನು. ಅಲ್ಲಿಯವರು ವಿಚಾರಿಸಿದರೆ, “ಹುಡುಗ ಛಲೋ ಇದ್ದಾನ್ರಿ” ಎಂದು ಮೊದಲಿನವರೇ ಹೇಳುವರು. ಹೊಗೆ ಮನೆ ಬದಲಿಸಿತೇ ಹೊರತು ಆರಲಿಲ್ಲ.

ಕೌಟಿಲ್ಯನಿಗೂ ಈ ತೊಡಕು ಗೊತ್ತಿತ್ತು. ಮನೆಗೆ ಬಂದವರನ್ನೂ ಹೋದವರನ್ನೂ ಗೃಹಸ್ಥನು ಅಧಿಕಾರಿಗೆ ತಿಳಿಸಬೇಕು, ತಿಳಿಸದಿದ್ದರೆ ಆ ರಾತ್ರಿಯ ದೋಷಕ್ಕೆ ಅವನೂ ಭಾಗಿ ಎಂದು ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ವಿಧಿಸಿದವನು, ಮೂರನೆಯದರಲ್ಲಿ ಭಾಡಿಗೆದಾರನನ್ನು ನಿಷ್ಕಾರಣವಾಗಿ ಹೊರಗಟ್ಟಿದವನಿಗೆ ಹನ್ನೆರಡು ಪಣ ದಂಡ ಹಾಕಿದನು. ಕಳವು, ಸಾಹಸ ಮೊದಲಾದ ಅಪವಾದಗಳ ಸಾಲಿನಲ್ಲಿ ಮಿಥ್ಯಾಭೋಗವೂ ಇದೆ. ಅದರಲ್ಲಿ ಚಿಲುಮೆ ಸೇರುವದೋ ಇಲ್ಲವೋ ಪಂಡಿತರು ಚರ್ಚಿಸಲಿ. ಕಣ್ಣು ಮುಚ್ಚಿಕೊಳ್ಳುವದೂ ಕತ್ತು ಹಿಡಿದು ನೂಕುವದೂ ಅವನಿಗೆ ಸಮ್ಮತವಿರಲಿಲ್ಲವೆಂಬುದು ನಿಶ್ಚಯ.

ಇಂದಿನ ಕಾಯದೆಯಲ್ಲಿಯೂ ನಡುವಿನ ದಾರಿಯಿದೆ, ಕೇಳುವವರು ಕಡಿಮೆ. ಹನ್ನೊಂದು ತಿಂಗಳ ಕರಾರುಪತ್ರದಲ್ಲಿಯೇ ಮಾದಕವಸ್ತು ಕೂಡದೆಂದು ಬರೆಯಿಸಬಹುದು. ಬೇರೆ ಕರಾರಿಲ್ಲದ ತಿಂಗಳ ಭಾಡಿಗೆಯಾದರೆ, ೧೮೮೨ರ ಸ್ವತ್ತು ವರ್ಗಾವಣೆಯ ಕಾಯದೆಯ ೧೦೬ನೆಯ ಕಲಮಿನಂತೆ ಹದಿನೈದು ದಿವಸಗಳ ನೋಟೀಸು ಕೊಡಬೇಕು. ಆಗಲೂ ಬಿಡದಿದ್ದವನಿಗೆ ದಿವಾಣಿ ನ್ಯಾಯಾಲಯವುಂಟು. ಖೋಲಿಯಲ್ಲಿ ಮಾರಾಟವೇ ನಡೆದಿದ್ದರೆ ಫೌಜದಾರರಿಗೆ ತಿಳಿಸುವದರಲ್ಲಿ ಒಂದು ದಿವಸವೂ ತಡಮಾಡಲಾಗದು. ಚಟಕ್ಕೆ ಸಿಕ್ಕ ಹುಡುಗನ ಮಾತು ಬೇರೆ. ಸರಕಾರವು ನಡೆಸುವ ಇಲ್ಲವೆ ಮಾನ್ಯಮಾಡಿದ ಆಸ್ಪತ್ರೆಯಲ್ಲಿ ತಾನಾಗಿ ಚಿಕಿತ್ಸೆ ಪಡೆದು ಪೂರೈಸುವವನನ್ನು ಸೇವನೆಯ ಅಪರಾಧಕ್ಕಾಗಿ ಖಟ್ಲೆಗೆ ಎಳೆಯಬಾರದೆಂದು ಆ ೧೯೮೫ರ ಕಾಯದೆಯೇ ತನ್ನ ೬೪-ಅ ಕಲಮಿನಲ್ಲಿ ಹೇಳುವದು. ನೋಟೀಸಿನ ಹದಿನೈದು ದಿವಸಗಳು ಖೋಲಿ ತೆರವು ಮಾಡುವದಕ್ಕಷ್ಟೇ ಇರಬೇಕೆಂದೇನಿಲ್ಲ. ಊರಿನಿಂದ ತಂದೆಯನ್ನು ಕರೆಯಿಸಿ ಹುಡುಗನನ್ನು ವೈದ್ಯರ ಬಳಿಗೆ ಕರೆದೊಯ್ಯಲು ಅಷ್ಟು ಕಾಲ ಸಾಕಾಗುವದು.