ಕಾರಣವನ್ನರಿಯದ ಕೋಪ



ದೋಷವೆಲ್ಲಿದೆಯೆಂದು ಅರಿಯುವ ಮೊದಲೇ ದೋಷಿಯನ್ನು ಗೊತ್ತುಮಾಡಿಬಿಡುವುದು ಮನಸ್ಸಿನ ಸ್ವಭಾವ. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಕಂಪ್ಯೂಟರು ನನಗೆ ಇದನ್ನು ಮನಗಾಣಿಸಿತು.

ನಮ್ಮ ತಂದೆಯವರು ಮಳೆ, ಬಿತ್ತನೆ, ಬಾವಿಯ ನೀರಿನ ಮಟ್ಟ ಇವೆಲ್ಲವನ್ನೂ ದಿನಾಂಕಸಹಿತ ಬರೆದಿಡುತ್ತಿದ್ದರು. ಅವರು ಬಿಟ್ಟುಹೋದ 11 ವಹಿಗಳನ್ನು ನಾನು ಬೆರಳಚ್ಚು ಮಾಡುತ್ತಿದ್ದೆ. ಏಳನೆಯ ವಹಿಗೆ ಬಂದಾಗ ಕಂಪ್ಯೂಟರು ಇದ್ದಕ್ಕಿದ್ದಂತೆ ಆರಿ, ತಾನಾಗಿಯೇ ಮತ್ತೆ ಆರಂಭವಾಗತೊಡಗಿತು. ಸೇವ್ ಮಾಡದ ಪುಟಗಳು ಪ್ರತಿ ಸಲವೂ ಮಾಯವಾಗುತ್ತಿದ್ದವು. ಅದರಲ್ಲಿ ಆಟವಾಡುತ್ತಿದ್ದ ಮೊಮ್ಮಗನನ್ನು ಗದರಿಸಿದೆ. "ಅಜ್ಜಾ, ನಾನೇನೂ ಮಾಡಿಲ್ಲ" ಎಂದ ಆ ಹುಡುಗ ಅಂದಿನಿಂದ ಕೋಣೆಗೆ ಕಾಲಿಡಲಿಲ್ಲ.

ದುರಸ್ತಿಯವರು "ವೈರಸ್ ಇದ್ದೀತು, ಫಾರ್ಮ್ಯಾಟ್ ಮಾಡೋಣ" ಎಂದರು. ಫಾರ್ಮ್ಯಾಟ್ ಎಂದರೆ ಎಲ್ಲವನ್ನೂ ಅಳಿಸುವುದು. ತಂದೆಯವರ ನೆನಪಾಗಿ ಕೈ ತಡೆಯಿತು. ಮೊದಲು ಎಲ್ಲ ಕಡತಗಳನ್ನೂ ಪೆನ್‌ಡ್ರೈವಿಗೆ ಇಳಿಸಿಕೊಂಡೆ.

ವಿಂಡೋಸ್ ತನ್ನೊಳಗೆ ದೊಡ್ಡ ದೋಷ ಕಂಡಾಗ ತಾನೇ ಮರಳಿ ಆರಂಭವಾಗುವಂತೆ ಒಂದು ಏರ್ಪಾಡಿರುತ್ತದೆ. ಅದನ್ನು ತೆಗೆದುಹಾಕಿದರೆ ದೋಷದ ವಿವರವುಳ್ಳ ಪರದೆ ನಿಲ್ಲಬೇಕು. ನನಗೆ ಆ ಪರದೆ ಕಾಣಲೇ ಇಲ್ಲ. ಈವೆಂಟ್ ವ್ಯೂವರ್‌ನಲ್ಲಿ 'ಕರ್ನಲ್-ಪವರ್ 41' ಎಂಬ ದಾಖಲೆ ಮಾತ್ರ ಇತ್ತು. ಯಂತ್ರವು ಕ್ರಮವಾಗಿ ಮುಚ್ಚಲ್ಪಡದೆ ನಿಂತಿತೆಂದು ಅದು ಹೇಳುತ್ತದೆ, ಏಕೆಂದು ಹೇಳುವುದಿಲ್ಲ.

ಆಗ ತಂದೆಯವರ ಪದ್ಧತಿಯನ್ನೇ ಹಿಡಿದೆ. ಒಂದು ವಹಿಯಲ್ಲಿ ಪ್ರತಿ ಸಲದ ಸಮಯವನ್ನು ಬರೆದೆ. ಆರು ದಿನಗಳಲ್ಲಿ ಒಂಬತ್ತು ಸಲ. ಒಂದು ನಡುರಾತ್ರಿ ವಿಂಡೋಸ್ ಅಪ್‌ಡೇಟ್‌ಗಾಗಿ ಆದದ್ದು. ಅದರ ಕಾರಣ ದಾಖಲೆಯಲ್ಲೇ ಇತ್ತು. ಉಳಿದ ಎಂಟೂ ಮನೆಯಾಕೆ ಮೇಲಿನ ಟ್ಯಾಂಕಿಗೆ ನೀರು ಏರಿಸಲು ಮೋಟಾರು ಹಾಕುವ ಹೊತ್ತಿನಲ್ಲಿಯೇ! ಪರೀಕ್ಷೆಗೆಂದು ಮೋಟಾರು ಹಾಕಿಸಿದೆ. ಕಂಪ್ಯೂಟರು ಆರಿ ಮತ್ತೆ ಹೊತ್ತಿತು.

ಮೋಟಾರು ಆರಂಭವಾಗುವ ಕ್ಷಣದಲ್ಲಿ ಹೆಚ್ಚು ವಿದ್ಯುತ್ತನ್ನು ಸೆಳೆದು ವೋಲ್ಟೇಜನ್ನು ಕುಗ್ಗಿಸುತ್ತದೆ. ಕಂಪ್ಯೂಟರಿನ ಎಸ್‌ಎಂಪಿಎಸ್ 'ವಿದ್ಯುತ್ತು ಸರಿಯಾಗಿದೆ' ಎಂಬ ಸಂಕೇತವನ್ನು ಮದರ್‌ಬೋರ್ಡಿಗೆ ಸದಾ ಕಳುಹಿಸುತ್ತಿರುತ್ತದೆ. ಆ ಸಂಕೇತ ತಪ್ಪಿದೊಡನೆ ಯಂತ್ರವು ತಪ್ಪು ಲೆಕ್ಕ ಮಾಡುವುದಕ್ಕಿಂತ ಕೆಲಸ ನಿಲ್ಲಿಸಿ ಮೊದಲಿನಿಂದ ಆರಂಭಿಸುತ್ತದೆ. ರೋಗವೆಂದು ನಾನು ಬಗೆದದ್ದು ಅದರ ಎಚ್ಚರವಾಗಿತ್ತು.

ಹಾಗಾದರೆ ಯುಪಿಎಸ್ ಏನು ಮಾಡುತ್ತಿತ್ತು? ಗೋಡೆಯ ಸ್ವಿಚ್ಚನ್ನು ಆರಿಸಿ ನೋಡಿದೆ. ಕಂಪ್ಯೂಟರು ತಕ್ಷಣ ಆರಿತು. ಐದು ವರ್ಷಗಳಿಂದ ಬ್ಯಾಟರಿ ಬದಲಿಸಿರಲಿಲ್ಲ. ಅದು ಬೀಪ್ ಎಂದು ಕೂಗಿ ಎಚ್ಚರಿಸಿದಾಗ ಕಿರಿಕಿರಿಯೆಂದು ಸದ್ದನ್ನು ನಿಲ್ಲಿಸಿದವನು ನಾನೇ! 12 ವೋಲ್ಟಿನ ಹೊಸ ಬ್ಯಾಟರಿ ಬಂದ ಮೇಲೆ ಮೋಟಾರು ಓಡಿದರೂ ಕಂಪ್ಯೂಟರು ಆರಲಿಲ್ಲ.

ಬ್ಯಾಟರಿ ಬದಲಿಸುವುದು ಸುಲಭವಾಯಿತು. ಮೊಮ್ಮಗನ ಮುಂದೆ ನಿಲ್ಲುವುದು ಕಷ್ಟವಾಯಿತು. "ತಪ್ಪು ನನ್ನದಪ್ಪಾ" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಆಟ ಆಡಲೇ, ಅಜ್ಜಾ?" ಎಂದ.

ಬಂಧುಗಳೇ, ಯಂತ್ರ ಕೆಟ್ಟರೆ ಮೊದಲು ಕಡತಗಳನ್ನು ಕಾಪಾಡಿಕೊಳ್ಳಿ, ಸಮಯವನ್ನು ಬರೆದಿಡಿ, ಒಂದು ಸಲಕ್ಕೆ ಒಂದನ್ನೇ ಪರೀಕ್ಷಿಸಿ. ಅದೆಲ್ಲ ಮುಗಿಯುವವರೆಗೆ ಮನೆಯ ಮಕ್ಕಳನ್ನು ಬೈಯಬೇಡಿ. ಅಳಿಸಿದ್ದನ್ನು ಮರಳಿ ಬರೆಯಬಹುದು. ಆಡಿದ ಮಾತನ್ನು ಅಳಿಸಲಾಗದು.